ಬಾವಿಯೊಳಗಿಂದ ‘ತಾ’

ಬೇಸಿಗೆ ಮುಗಿಯುವ ಮುಂಚಿನ ದಿನಗಳಲ್ಲಿ ಬಾವಿಗಳು ತಳ ತೋರಿಸುತ್ತವೆ. ವರ್ಷವಿಡೀ ಕಣ್ಣಿಗೆ ಬೀಳದ ಕಲ್ಲು, ಕೈಜಾರಿ ಬಿದ್ದ ಕೊಡ, ಕೊಳೆತ ಎಲೆ, ಸತ್ತ ಕಪ್ಪೆ ಎಲ್ಲ ಕೆಸರಿನಲ್ಲಿ ಮುಖ ಎತ್ತುತ್ತವೆ. ನೀರು ಮೊಣಕಾಲಿಗಿಂತ ಕೆಳಗಿಳಿದಾಗಲೇ ಹೂಳು ತೆಗೆಯಬೇಕು. ಮೊದಲ ಮಳೆ ಬಿತ್ತೆಂದರೆ ಮುಗಿಯಿತು, ಇನ್ನೊಂದು ಬೇಸಿಗೆಯವರೆಗೆ ಕಾಯಬೇಕು. ಹಾಗಾಗಿ ಆ ದಿನಗಳಲ್ಲಿ ಹೂಳು ತೆಗೆಯುವವರಿಗೆ ಬೆನ್ನು ನೆಟ್ಟಗೆ ಮಾಡಲೂ ಪುರಸೊತ್ತು ಸಿಗುವುದಿಲ್ಲ.

ಯಜಮಾನಿಯ ಹಣ್ಣಿನ ತೋಟದ ಬಾವಿಯಲ್ಲಿ ಅಂದೂ ಬೆಳಗಿನಿಂದ ಕೆಲಸ ನಡೆದಿತ್ತು. ಬಾವಿಯ ಬಾಯಿಗೆ ಅಡ್ಡಲಾಗಿ, ಎರಡು ಕಂಬದ ಮೇಲೆ ಉರುಳೆಮರ ಮಲಗಿಸಿದ್ದರು. ಅದರ ಹಿಡಿ ತಿರುಗಿಸುತ್ತ ಹೂಳು ತುಂಬಿದ ಮಂಕರಿ ಮೇಲೆತ್ತುವವನು ಉದ್ದಣ್ಣ. ಯಾವ ಮನೆಯ ಬಾಗಿಲಿಗೂ ತಲೆ ಬಗ್ಗಿಸದೆ ಒಳಗೆ ಹೋದವನಲ್ಲ, ಅದಕ್ಕೇ ಆ ಹೆಸರು. ಮೇಲೆ ಬಂದ ಮಂಕರಿಯನ್ನು ಕಟ್ಟೆಯ ಕಡೆಗೆ ಎಳೆದುಕೊಂಡು, ತಲೆಯ ಮೇಲೆ ಹೊತ್ತು, ಬೇಲಿಯ ಪಕ್ಕದ ರಾಶಿಗೆ ಸುರಿದು, ಬುಡಕ್ಕೆರಡು ಗುದ್ದು ಗುದ್ದಿ ಅಂಟಿದ ಕೆಸರು ಉದುರಿಸಿ ವಾಪಸು ತರುವವಳು ಅಕ್ಕ. ಜೊತೆಗೆ ದುಡಿಯುವವರೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದರು, ಏಕೆಂದರೆ ಅವಳ ತಮ್ಮ ಹಾಗೆ ಕರೆಯುತ್ತಿದ್ದ.

ತಮ್ಮ ಕಟ್ಟೆಗೆ ಕಾಲು ಕೊಟ್ಟು ಕೂತು ಇನ್ನೊಂದು ಹಗ್ಗ ಹಿಡಿದಿದ್ದ. ಅದು ಮಂಕರಿಯ ಹಗ್ಗವಲ್ಲ. ಅದರ ಆಚೆಯ ತುದಿ ಕೆಳಗೆ ಹೂಳು ಬಗೆಯುತ್ತಿದ್ದ ಅವನ ಭಾವನ ಸೊಂಟದಲ್ಲಿತ್ತು. ಅಕ್ಕನ ಗಂಡ ಸುತ್ತಲ ಊರಿಗೆಲ್ಲ ಬಾವಿಯವ ಎಂದೇ ಪರಿಚಿತ. ಅವನು ಇಳಿಯದ ಬಾವಿ ಇಲ್ಲ, ಅವನನ್ನು ಇಳಿಸಿಕೊಂಡು ಬೈಯದ ಮನೆಯೂ ಇಲ್ಲ ಎಂದು ಜನ ಹೇಳುತ್ತಿದ್ದರು.

ಸೊಂಟದ ಹಗ್ಗ ಯಾರ ಕೈಗೆಂದರೆ ಅವರ ಕೈಗೆ ಕೊಡುವಂಥದ್ದಲ್ಲ. ಅಣ್ಣತಮ್ಮಂದಿರಿಗೆ ಕೊಟ್ಟರೆ ಅವರಿಗೆ ಹೊಲದ ಪಾಲು ನೆನಪಾಗಬಹುದು. ಮಗನಿಗೆ ಕೊಟ್ಟರೆ ತೂಕಡಿಸಿಯಾನು. ಗೆಳೆಯ ಇವತ್ತು ಗೆಳೆಯ, ನಾಳೆ ಯಾರೋ. ಹೆಂಡತಿಯ ಒಡಹುಟ್ಟಿದವನೊಬ್ಬನೇ ಭದ್ರ. ತನ್ನ ಅಕ್ಕನೋ ತಂಗಿಯೋ ಗಂಡನನ್ನು ಕಳೆದುಕೊಂಡು, ಮಕ್ಕಳನ್ನು ಕಟ್ಟಿಕೊಂಡು ಬಾಗಿಲಿಗೆ ಬಂದು ನಿಲ್ಲುವುದು ಯಾವನಿಗೂ ಬೇಡ. ಹಾಗಾಗಿ ಅವನು ಕೈ ಸುಲಿದರೂ ಹಗ್ಗ ಬಿಡುವುದಿಲ್ಲ. ಈ ಲೆಕ್ಕಾಚಾರವನ್ನು ಹಿಂದೆ ಯಾರು ಹಾಕಿದ್ದರೋ, ಬಾವಿಗಿಳಿಯುವವರೆಲ್ಲ ಅದನ್ನೇ ನಂಬಿ ಇಳಿಯುತ್ತಿದ್ದರು. ಒಡಹುಟ್ಟಿದ ಗಂಡುದಿಕ್ಕಿಲ್ಲದ ಹೆಣ್ಣನ್ನು ಅವರಲ್ಲಿ ಯಾರೂ ಮದುವೆಯಾಗುತ್ತಿರಲಿಲ್ಲ.

ಮಂಕರಿ ತುಂಬಿದರೆ ಅದರ ಹಗ್ಗ ಅಲುಗಿಸಿದರೆ ಸಾಕು, ಉದ್ದಣ್ಣ ಎಳೆಯುತ್ತಿದ್ದ. ಮನುಷ್ಯ ಮೇಲೆ ಬರಬೇಕಾದಾಗ ಮಾತ್ರ ಬಾಯಿ ಬಿಟ್ಟು ಕೂಗುವುದು. ಆ ಕೂಗು ‘ತಾ’. ನಾಲ್ವರ ನಡುವೆ ಮೂರು ಭಾಷೆ. ಒಂದರ ಮಾತಿಗೂ ಇನ್ನೊಂದರ ಮಾತಿಗೂ ನಂಟಸ್ತನವಿಲ್ಲ. ಬಾವಿಯವನದು ಬೆಟ್ಟದ ಕಡೆಯ ಮಾತು, ಉದ್ದಣ್ಣನದು ಸಮುದ್ರದ ಕಡೆಯದು, ಅಕ್ಕ ತಮ್ಮಂದಿರದು ಈ ನೆಲದ್ದು; ಉಳಿದಿಬ್ಬರೂ ಇದನ್ನು ಕಲಿತದ್ದು ಆಮೇಲೆ. ಎಲ್ಲರಿಗೂ ಬಾಯಿಗೆ ಸುಲಭವಾಗಿ ಬರುವ, ಆಳದಿಂದ ಒಡೆಯದೆ ಏರಿ ಬರುವ ಸದ್ದೊಂದು ಬೇಕಿತ್ತು. ‘ತಾ’ ಸಿಕ್ಕಿತು. ಬಾವಿಯ ಕಟ್ಟೆಯ ಮೇಲೆ ಅದಕ್ಕಿದ್ದದ್ದು ಒಂದೇ ಅರ್ಥ: ನನ್ನನ್ನು ಎಳೆದುಕೊಳ್ಳಿ. ಆ ಕೂಗು ಬಂದರೆ ಹಗ್ಗ ಹಿಡಿದವನು ಯಾಕೆಂದು ಕೇಳಬಾರದು, ಅತ್ತಿತ್ತ ನೋಡಬಾರದು. ಎಳೆಯಬೇಕು. ಕೇಳುವುದೇನಿದ್ದರೂ ಮನುಷ್ಯ ಮೇಲೆ ಬಂದ ಮೇಲೆ.

ಕಟ್ಟೆಯಿಂದಾಚೆ ಆ ಮಾತಿನ ಕತೆ ಬೇರೆ. ಅಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮದುವೆಯಾಗಿ ಬೆಟ್ಟದ ಮನೆಗೆ ಹೋದಾಗ ಅವಳಿಗೆ ಅಲ್ಲಿಯ ಒಂದು ಮಾತೂ ಬಾರದು. ಅತ್ತೆ ಏನೋ ಅನ್ನುವಳು, ಓರಗಿತ್ತಿ ಏನೋ ಅನ್ನುವಳು, ಇವಳು ತಲೆಯಾಡಿಸುವಳು. ಆ ಗದ್ದಲದಲ್ಲಿ ಒಂದೇ ಒಂದು ಮಾತು ತನ್ನ ತವರಿನದು ಅನಿಸಿತ್ತು. ಗಂಡ ಅವಳ ಕಡೆ ನೋಡಿ ‘ತಾ’ ಅನ್ನುತ್ತಿದ್ದ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಓಡಿಹೋಗಿ ನೀರಿನ ಚೊಂಬು ತಂದುಕೊಟ್ಟಳು. ಎಲ್ಲರೂ ನಕ್ಕರು. ಅದಲ್ಲವೇನೋ ಎಂದು ಟವೆಲು ತಂದಳು. ಇನ್ನೂ ನಕ್ಕರು. ಚಾಪೆ ತಂದಳು, ಪೊರಕೆ ತಂದಳು, ಒಮ್ಮೆ ಒಲೆಯ ಮೇಲಿದ್ದ ಪಾತ್ರೆಯನ್ನೇ ಸೆರಗಿನಲ್ಲಿ ಹಿಡಿದು ತಂದು ಕೈ ಸುಟ್ಟುಕೊಂಡಳು. ಓಣಿಯ ಮಕ್ಕಳಿಗೆ ಅದೊಂದು ಆಟವಾಯಿತು. ಕಿಟಕಿಯಿಂದ ‘ತಾ’ ಅಂದು ಬಚ್ಚಿಟ್ಟುಕೊಳ್ಳುವುದು, ಹೊಸ ಸೊಸೆ ಏನು ಹಿಡಿದುಕೊಂಡು ಬರುತ್ತಾಳೆ ಎಂದು ಪಣ ಕಟ್ಟುವುದು.

ಮುಂದಿನ ಬೇಸಿಗೆ ಬರುವವರೆಗೆ ಅವಳಿಗೆ ಯಾರೂ ಹೇಳಲಿಲ್ಲ. ಕೊನೆಗೆ ಗಂಡನ ಚಿಕ್ಕಮ್ಮ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ, ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಎತ್ತಿನ ಪಕ್ಕೆಗೆ ಅಂಗೈಯಿಂದ ತಟ್ಟಿ ‘ತಾ’ ಅಂದಳು. ಎತ್ತು ಒಂದು ಹೆಜ್ಜೆ ಆಚೆ ಸರಿಯಿತು.

“ಇಷ್ಟೇ ಕಣೆ. ಸರ್ಕೋ ಅಂತ. ದನಕ್ಕೆ ಹೇಳೋದು,” ಎಂದಳು.

ಆಮೇಲೆ ಅಕ್ಕ ಏನೂ ತರುವುದನ್ನು ಬಿಟ್ಟು, ಅವನು ‘ತಾ’ ಅಂದಾಗ ಗೋಡೆಯ ಕಡೆ ಸರಿದು ನಿಂತಳು. ಅಂದು ಅವನು ಹೊಡೆದ. ಅವಳು ತಂದುಕೊಡುವುದು ಅಭ್ಯಾಸವಾಗಿತ್ತು ಅವನಿಗೆ. ಅಂದಿನಿಂದ ಆ ಒಂದು ಮಾತು ಎರಡೂ ಕೆಲಸ ಮಾಡಿತು. ಯಾವಾಗ ತರಬೇಕು, ಯಾವಾಗ ಸರಿಯಬೇಕು ಎಂಬುದನ್ನು ಅವನ ಹುಬ್ಬು ನೋಡಿ ತಿಳಿದುಕೊಳ್ಳಬೇಕಿತ್ತು. ತಪ್ಪಿದರೆ ಒದ್ದೆ ಹಗ್ಗದ ತುದಿ. ಒದ್ದೆ ಹಗ್ಗದ ಬಾಸುಂಡೆ ಬೇಗ ಮಾಯುವುದಿಲ್ಲ. ನಾರಿನ ಸಿಬಿರು ಒಳಗೇ ಉಳಿಯುತ್ತದೆ.

ತವರಿಗೆ ಓಡಿಹೋಗುವ ಹಾಗೂ ಇರಲಿಲ್ಲ. ಅವಳನ್ನು ಕೊಟ್ಟದ್ದೇ ಒಂದು ಋಣಕ್ಕೆ. ತಮ್ಮ ಇನ್ನೂ ಮೀಸೆ ಮೂಡದವನಿದ್ದಾಗ ಹಾಳುಬಾವಿಯೊಂದಕ್ಕೆ ಬಿದ್ದ ಮೇಕೆಮರಿ ತೆಗೆಯಲು ಇಳಿದಿದ್ದ. ಕೆಳಗೆ ಕೆಟ್ಟ ಗಾಳಿ. ಅರ್ಧಕ್ಕೇ ಕಣ್ಣು ಕತ್ತಲೆಯಾಗಿ ಕುಸಿದ. ಊರೆಲ್ಲ ಕಟ್ಟೆಯ ಸುತ್ತ ನಿಂತು ಬಾಯಿ ಬಡಿದುಕೊಳ್ಳುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಈ ಬೆಟ್ಟದವನು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಇಳಿದು, ಹುಡುಗನನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಅಪ್ಪ ಅವನ ಕಾಲು ಹಿಡಿದುಕೊಂಡು, ಏನು ಬೇಕಾದರೂ ಕೇಳು ಅಂದ. ಬೆಟ್ಟದವನಿಗೆ ಹೆಂಡತಿಯೂ ಬೇಕಿತ್ತು, ಸೊಂಟದ ಹಗ್ಗಕ್ಕೊಬ್ಬ ಭಾಮೈದನೂ ಬೇಕಿತ್ತು. ಎರಡೂ ಒಂದೇ ಮನೆಯಲ್ಲಿ ಸಿಕ್ಕವು.

“ನಿಮ್ಮನೇದೊಂದು ಜೀವ ನನ್ನ ಹತ್ರ ಇದೆ. ಮರೀಬೇಡ,” ಎಂದು ಅವನು ಉಣ್ಣುವಾಗ, ಮಲಗುವಾಗ, ಹೊಡೆದು ಸುಸ್ತಾಗಿ ಕೂತಾಗ ಹೇಳುತ್ತಿದ್ದ. ತಮ್ಮನ ಎದುರೇ ಹೇಳುತ್ತಿದ್ದ. ತಮ್ಮ ತಲೆ ತಗ್ಗಿಸಿ ಹಗ್ಗದ ಗಂಟು ನೋಡುತ್ತಿದ್ದ.

ಅವಳು ಅದನ್ನೆಲ್ಲ ನುಂಗಿಕೊಂಡಿದ್ದಳು. ಅವಳಿಗೆ ಬೇಕಿದ್ದುದು ಒಂದೇ. ಅದು ತನ್ನಲ್ಲಿಗೇ ನಿಲ್ಲಬೇಕು, ಮಗಳ ಮೈಗೆ ದಾಟಬಾರದು. ಮಗಳು ಈಗಷ್ಟೇ ತಾಯಿಯ ಭುಜದೆತ್ತರಕ್ಕೆ ಬಂದಿದ್ದಳು. ಅಡುಗೆ ಮಾಡಿ ಬಾವಿಗೆ ಬುತ್ತಿ ಹೊತ್ತು ತರುವುದು ಅವಳ ಕೆಲಸ. ಅಪ್ಪ ಈವರೆಗೆ ಅವಳಿಗೆ ಬೈದಿದ್ದನೇ ಹೊರತು ಕೈ ಎತ್ತಿರಲಿಲ್ಲ. ಅಕ್ಕ ಅದೊಂದನ್ನು ನೆಚ್ಚಿಕೊಂಡು ಬದುಕಿದ್ದಳು.

ಅಂದು ಮಧ್ಯಾಹ್ನ ಬಾವಿಯವ ಮೇಲೆ ಬಂದು ಕೈಕಾಲು ತೊಳೆದ. ಮಾವಿನಮರದ ನೆರಳಿನಲ್ಲಿ ಎಲ್ಲರೂ ಉಣ್ಣಲು ಕೂತರು. ಮಗಳು ಬಡಿಸುತ್ತಿದ್ದಳು. ಉದ್ದಣ್ಣನಿಗೆ ಬಾಯಲ್ಲಿ ಅನ್ನ ಬಿದ್ದರೆ ಮಾತೂ ಬರುವುದು.

“ತಮ್ಮಯ್ಯಾ, ನಮ್ಮ ಕಡೆ ‘ತಾ’ ಅಂದ್ರೆ ಏನು ಗೊತ್ತೇನೋ ನಿಂಗೆ? ಇಷ್ಟು ದಿನ ನಾಚ್ಕೊಂಡು ಹೇಳಿಲ್ಲ.”

“ಹೇಳಪ್ಪ. ನೀನು ನಾಚ್ಕೊಳೋದನ್ನೂ ನೋಡೋಣ,” ಎಂದ ತಮ್ಮ.

“ಹೇನು.”

“ಏನು?”

“ಏನಲ್ಲಯ್ಯಾ, ಹೇನು. ತಲೇಲಿ ಇರುತ್ತಲ್ಲ, ಅದು. ನಮ್ಮಜ್ಜಿ ನನ್ನ ಕಾಲಸಂದೀಲಿ ಕೂರಿಸ್ಕೊಂಡು ‘ತಾ, ತಾ’ ಅಂತ ಕುಕ್ಕೋಳು. ಈಗ ದಿನಾ ಬಾವಿಯೊಳಗಿಂದ ಒಬ್ಬ ಗಂಡಸು ‘ಹೇನು, ಹೇನು’ ಅಂತ ಕಿರುಚ್ತಾನೆ, ಮೇಲೆ ನಾವು ಮಾನವಂತರು ಅವನನ್ನ ಎಳ್ಕೋಬೇಕು. ಎಳ್ಕೊಂಡ್ಮೇಲೆ ನಂಗೇ ತಲೆ ಕಡೀತದೆ.”

ತಮ್ಮನಿಗೆ ನಗು ಬಂದು ಅನ್ನ ನೆತ್ತಿಗೇರಿತು. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು.

“ಅಲ್ಲ, ನಂಗೊಂದು ಅರ್ಥ ಆಗಲ್ಲ. ಇಷ್ಟು ಜನ, ಇಷ್ಟು ಮಾತು. ಸದ್ದು ಮಾತ್ರ ನಾಲ್ಕೇ ನಾಲ್ಕು. ಪಾಪ, ಒಂದೊಂದು ಸದ್ದು ಎಷ್ಟು ಮನೇಲಿ ಸಂಸಾರ ಮಾಡ್ಬೇಕು ನೋಡು. ನಿಮ್ಮನೇಲಿ ತರೋ ಕೆಲಸ, ಭಾವನ ಮನೇಲಿ ಎತ್ತು ಹೊಡಿಯೋ ಕೆಲಸ, ನಮ್ಮಲ್ಲಿಗೆ ಬಂದ್ರೆ ತಲೆ ಮೇಲೆ ಹರಿದಾಡೋ ಕೆಲಸ,” ಎಂದ ಉದ್ದಣ್ಣ.

ಮಗಳಿಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಗಟ್ಟಿಯಾಗಿ ನಕ್ಕಳು. ಚಿಕ್ಕವರ ನಗು, ಹತ್ತಿದರೆ ನಿಲ್ಲುವುದಿಲ್ಲ. ಅಪ್ಪನ ಮುಖ ನೋಡಿದಳು, ಹೇನು ನೆನಪಾಯಿತೋ ಏನೋ, ಮತ್ತೆ ನಕ್ಕಳು.

ಬಾವಿಯವ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡ. ಕೈ ತೊಳೆದ. ಬಾಯಿ ಮುಕ್ಕಳಿಸಿದ. ಕಟ್ಟೆಯ ಮೇಲೆ ಒಣಗಲು ಬಿಟ್ಟಿದ್ದ ಸೊಂಟದ ಹಗ್ಗದ ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದ. ಅದನ್ನು ಕಂಡದ್ದೇ ಅಕ್ಕ ಎದ್ದು, ಎಂದಿನಂತೆ, ಮರದ ಹಿಂದಕ್ಕೆ ತಾನೇ ನಡೆದಳು. ಜನರ ಕಣ್ಣೆದುರು ಬೇಡ ಎಂದು.

“ನೀನಲ್ಲ,” ಎಂದ ಬಾವಿಯವ. ಮಗಳ ಕಡೆ ನೋಡಿ, “ತಾ” ಅಂದ.

ಹುಡುಗಿಗೆ ತಿಳಿಯಲಿಲ್ಲ. ನೀರು ಕೇಳಿದನೆಂದು ಚೊಂಬು ತುಂಬಿಕೊಂಡು ಬಂದಳು. ಮೊದಲ ಏಟು ಕಿವಿಯ ಮೇಲೆ ಬಿತ್ತು. ಚೊಂಬು ಕೈಯಿಂದ ಬಿತ್ತು. ಎರಡನೆಯದೂ ಅದೇ ಕಿವಿಗೆ. ಅಕ್ಕ ಓಡಿಬಂದು ನಡುವೆ ನಿಲ್ಲುವ ಹೊತ್ತಿಗೆ ಅವನ ಕೆಲಸ ಮುಗಿದಿತ್ತು. ಅವನಿಗೆ ಕೋಪವೂ ಇದ್ದಂತಿರಲಿಲ್ಲ. ಮೊಳೆಯೊಂದನ್ನು ಬಡಿದು ಕೂರಿಸಿದವನ ಹಾಗೆ ಹಗ್ಗ ಸುತ್ತಿಕೊಂಡ.

“ಇವತ್ತಿಂದ ಕಲೀಲಿ. ನಾಳೆ ಇನ್ನೊಬ್ರ ಮನೆಗೆ ಹೋಗೋಳು,” ಎಂದ.

ಹುಡುಗಿಯ ಕಿವಿಯಿಂದ ಸಣ್ಣಗೆ ರಕ್ತ ಬರುತ್ತಿತ್ತು. ಅಕ್ಕ ಸೆರಗಿನಿಂದ ಒರೆಸಿ, “ಕೇಳಿಸುತ್ತಾ?” ಎಂದು ಏಟು ಬಿದ್ದ ಕಿವಿಯ ಕಡೆಯಿಂದ ಮೆಲ್ಲಗೆ ಕೇಳಿದಳು. ಮಗಳು ತಾಯಿಯ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಇನ್ನೊಂದು ಕಿವಿ ಇತ್ತ ತಿರುಗಿಸಿ, “ಏನಮ್ಮಾ?” ಅಂದಳು.

ಉದ್ದಣ್ಣ ತನ್ನ ತಟ್ಟೆಯನ್ನು ಬಹಳ ಹೊತ್ತು ತೊಳೆದ. ತಮ್ಮ ಹೋಗಿ ಕಟ್ಟೆಯ ಮೇಲೆ ತನ್ನ ಜಾಗದಲ್ಲಿ ಕೂತ. ಭಾವ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಗಂಟು ತೋರಿಸಿ, “ಸರಿಯಾಗಿದ್ಯಾ ನೋಡು ಭಾಮೈದ” ಎಂದ. ತಮ್ಮ ಎಳೆದು ನೋಡಿ, “ಸರಿಯಾಗಿದೆ ಭಾವ” ಎಂದ. ಅವನು ಇಳಿದ.

ಹೊತ್ತು ಪಶ್ಚಿಮಕ್ಕೆ ವಾಲಿದಾಗ ಮಂಕರಿಗಳಲ್ಲಿ ಬರುವ ಕೆಸರಿನ ಬಣ್ಣ ಬದಲಾಯಿತು. ಕಪ್ಪು ಹೋಗಿ ಹಳದಿ ಬಂತು. ಬಾವಿಯವ ಹೂಳು ದಾಟಿ ಗೋಡೆಯ ಬುಡದ ಮಣ್ಣಿಗೇ ಕೈ ಹಾಕಿದ್ದ. ಯಜಮಾನಿ ಬೇಗ ಮುಗಿಸಿ ಎಂದು ಬೆಳಿಗ್ಗೆ ಚುಚ್ಚಿ ಹೋಗಿದ್ದಳು. ಉದ್ದಣ್ಣ ಎಳೆಯುತ್ತಿದ್ದ ಮಂಕರಿ ಬಾವಿಯ ಬಾಯಿಗೆ ಬಂದು ನಿಂತ ಹೊತ್ತಿಗೆ ಕೆಳಗೆ ಏನೋ ಜರಿದ ಸದ್ದಾಯಿತು. ಮರುಗಳಿಗೆ ಕೂಗು ಬಂತು.

“ತಾ.”

ಅಕ್ಕ ಬಗ್ಗಿ ನೋಡಿದಳು. ಒಂದು ಕಡೆಯ ಮಣ್ಣು ಇಳಿದು ಅವನ ಮೊಣಕಾಲು ಮುಚ್ಚಿತ್ತು. ಅಷ್ಟೇ. ಅವನು ಹೆದರಿರಲಿಲ್ಲ. ಎರಡು ಕೈಯಲ್ಲೂ ಹಗ್ಗ ಹಿಡಿದು ಮೇಲೆ ನೋಡುತ್ತಿದ್ದ. ಅವನ ತಲೆಯ ಮೇಲೆ, ಕಟ್ಟಿದ ಕಲ್ಲಿನ ಸಾಲು ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಅದು ಅವನಿಗೆ ಕಾಣುವಂತಿರಲಿಲ್ಲ. ಮೇಲಿನವರಿಗೆ ಕಾಣುತ್ತಿತ್ತು.

“ಅಕ್ಕಯ್ಯಾ, ಮಂಕರಿ ತಗೊಳ್ಳಿ. ನಾ ಹಿಡಿ ಬಿಟ್ರೆ ಅವನ ತಲೆ ಮೇಲೇ ಬೀಳ್ತದೆ. ತಗೊಂಡ್ರೆ ನಾನೂ ಆ ಹಗ್ಗಕ್ಕೆ ಕೈ ಹಾಕ್ತೀನಿ,” ಎಂದ ಉದ್ದಣ್ಣ.

ಅಕ್ಕ ಮಂಕರಿಗೆ ಕೈ ಚಾಚಲಿಲ್ಲ.

ತಮ್ಮ ಎದ್ದು ನಿಂತಿದ್ದ. ಹಗ್ಗ ಅವನ ಅಂಗೈಗೆ ಎರಡು ಸುತ್ತು ಸುತ್ತಿತ್ತು. ಅವನ ತೋಳು ತಾನಾಗಿಯೇ ಬಿಗಿದಿತ್ತು. ಆದರೆ ಅವನು ಎಳೆಯಲಿಲ್ಲ. ಕತ್ತು ತಿರುಗಿಸಿದ. ಇಷ್ಟು ವರ್ಷ ತಪ್ಪಿಸಿಕೊಂಡು ಬಂದಿದ್ದ ಅಕ್ಕನ ಮುಖವನ್ನು ನೆಟ್ಟಗೆ ನೋಡಿದ.

“ಅಕ್ಕಾ, ಎಳೀಲಾ?” ಎಂದ.

ಮೆಲ್ಲಗೆ ಕೇಳಿದ, ಪಕ್ಕದಲ್ಲಿದ್ದವರಿಗಷ್ಟೇ ಕೇಳುವ ಹಾಗೆ. ಕೇಳಬಾರದ್ದನ್ನು ಕೇಳಿದ್ದು ಉದ್ದಣ್ಣನಿಗೂ ತಿಳಿಯಿತು. ಅವನು ಹಿಡಿಯ ಮೇಲೆ ಭಾರ ಹಾಕಿ ನಿಂತಲ್ಲೇ ಕಲ್ಲಾದ.

ಅವಳು ಬೇಡ ಅನ್ನಲಿಲ್ಲ. ಎಳಿ ಎಂದೂ ಅನ್ನಲಿಲ್ಲ. ಮಾವಿನಮರದ ಕಡೆ ನೋಡಿದಳು. ಮಗಳು ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಏಟು ಬಿದ್ದ ಕಿವಿ ಬಾವಿಯ ಕಡೆಗಿತ್ತು. ಇಲ್ಲಿಯ ಸದ್ದಿಗೆ ಅವಳು ತಿರುಗಿಯೂ ನೋಡಲಿಲ್ಲ. ಒಂದು ತಟ್ಟೆ ತೊಳೆದು ಮಗುಚಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು.

“ತಾ,” ಎಂದು ಕೆಳಗಿಂದ ಮತ್ತೆ ಬಂತು. ಈ ಸಲ ದನಿ ಬೇರೆಯಾಗಿತ್ತು.

ಅಕ್ಕ ಆಗ ಮಂಕರಿಯನ್ನು ಎಳೆದುಕೊಂಡಳು. ಕೊಕ್ಕೆ ಬಿಡಿಸಿದಳು. ಅಲ್ಲೇ ಪಕ್ಕಕ್ಕೆ ಇಳಿಸಿದ್ದರೆ ಸಾಕಿತ್ತು. ಇಳಿಸಲಿಲ್ಲ. ತಲೆಯ ಮೇಲೆ ಇಟ್ಟುಕೊಂಡು, ದಿನವೂ ನಡೆಯುವ ಹೆಜ್ಜೆಯಲ್ಲೇ ಬೇಲಿಯ ಕಡೆ ನಡೆದಳು. ಕೈ ಬಿಡುವಾದರೂ ಉದ್ದಣ್ಣ ತಮ್ಮನ ಹಗ್ಗಕ್ಕೆ ಕೈ ಹಾಕಲಿಲ್ಲ. ರಾಶಿಗೆ ಸುರಿದಳು. ಬುಡಕ್ಕೆ ಒಂದು ಗುದ್ದು ಗುದ್ದಿದಳು, ಇನ್ನೊಂದು ಗುದ್ದಿದಳು. ಅಂಟಿಕೊಂಡ ಹಳದಿ ಕೆಸರನ್ನು ಬೆರಳಿನಿಂದ ಕೆರೆದಳು. ಅಷ್ಟರಲ್ಲಿ ಹಿಂದೆ ಕಲ್ಲು ಕಳಚಿದ ಸದ್ದು ಬಂತು. ಮೊದಲೊಂದು, ಆಮೇಲೆ ಬಹಳ. ಅದರ ಮೇಲೆ ಗಂಡಸಿನ ಕೂಗು. ಅದು ಯಾವ ಭಾಷೆಯದೂ ಆಗಿರಲಿಲ್ಲ.

ಅವಳು ತಿರುಗಿ ಬಂದು ಮಂಕರಿಯನ್ನು ಕಟ್ಟೆಯ ಮೇಲಿಟ್ಟಳು. ತಮ್ಮನ ಕಡೆ ನೋಡಿದಳು. ಜೀವಮಾನದಲ್ಲಿ ಯಾರಿಗೂ ಹಾಗೆ ಅಪ್ಪಣೆ ಮಾಡಿದವಳಲ್ಲ.

“ತಾ,” ಎಂದಳು.

ಇಬ್ಬರೂ ಸೇರಿ ಎಳೆದರು.

ಸಾಯಲಿಲ್ಲ ಅವನು. ಸೊಂಟದಿಂದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮನೆಯೆಂದರೆ ಬೇಸಿಗೆಯ ಕೆಲಸಕ್ಕೆಂದು ಯಜಮಾನಿ ಕೊಟ್ಟಿದ್ದ ತೋಟದ ಶೆಡ್ಡು. ಹಣ್ಣಿನ ಪೆಟ್ಟಿಗೆಗಳನ್ನು ಒಂದು ಕಡೆ ಒಟ್ಟಿ, ಇನ್ನೊಂದು ಕಡೆ ಅವನ ಹಾಸಿಗೆ ಹಾಸಿದರು. ಮಗಳ ಆ ಕಿವಿಯೂ ಮತ್ತೆ ಕೇಳಲಿಲ್ಲ. ಅದಕ್ಕೆ ಆಸ್ಪತ್ರೆಯವರು ಹನಿ ಹಾಕಲು ಒಂದು ಸಣ್ಣ ಸೀಸೆ ಕೊಟ್ಟರು.

ಉದ್ದಣ್ಣ ತನ್ನ ಗಂಟು ಕಟ್ಟಿಕೊಂಡು ಹೊರಟ. ಹೊರಡುವ ಮುಂಚೆ ಶೆಡ್ಡಿನ ಹೊರಗೆ ನಿಂತು ತಮ್ಮನಿಗೆ ಹೇಳಿದ:

“ಹಗ್ಗ ಹಿಡ್ದೋನು ಕೇಳಬಾರ್ದು ತಮ್ಮಯ್ಯಾ. ನೀನು ಕೇಳ್ದೆ. ಇನ್ನು ನಿನ್ನ ಹಗ್ಗಕ್ಕೆ ಯಾವನೂ ಸೊಂಟ ಕೊಡಲ್ಲ. ನಾನು ಹೇಳದಿದ್ರೂ ಈ ಮಾತು ನಾಲ್ಕೂರು ಸುತ್ತುತ್ತೆ.”

ಅಕ್ಕ ಬಾಗಿಲಿಗೆ ಬಂದಳು.

“ಅವತ್ತು ಮಧ್ಯಾಹ್ನ ನೀನೂ ಅಲ್ಲೇ ಇದ್ಯಲ್ಲ ಉದ್ದಣ್ಣ. ನೀನು ನಗಿಸಿದ್ದಕ್ಕೆ ಮಗು ಏಟು ತಿಂತು. ಆಗ ತಟ್ಟೆ ತೊಳೀತಿದ್ದೆ.”

“ಅದು ನಿಮ್ಮ ಮನೆ ವಿಷ್ಯ ಅಕ್ಕಯ್ಯಾ. ಇದು ಬಾವಿ ವಿಷ್ಯ.”

“ಹೌದಪ್ಪ. ಹೋಗಿ ಬಾ.”

ಅವನು ಹೋದ. ಅವನ ತಲೆ ಬೇಲಿಯ ಮೇಲೆ ಬಹಳ ದೂರದವರೆಗೆ ಕಾಣುತ್ತಿತ್ತು.

ಅಕ್ಕನಿಗೆ ಅರ್ಥವಾಗದೆ ಉಳಿದದ್ದು ಗಂಡನ ಮೌನ. ಹಾಸಿಗೆಯಲ್ಲಿ ಬಿದ್ದವನು ದಿನವಿಡೀ ‘ತಾ, ತಾ’ ಅನ್ನುತ್ತ ಜೀವ ತಿನ್ನುತ್ತಾನೆ ಎಂದುಕೊಂಡಿದ್ದಳು. ಅದಕ್ಕೆ ತಯಾರಾಗಿಯೂ ಇದ್ದಳು. ಅವನು ನೀರನ್ನೂ ಕೇಳಲಿಲ್ಲ. ತುಟಿ ಒಣಗಿ ಬಿರಿದರೂ ಕೇಳಲಿಲ್ಲ. ಅವಳು ಕೊಟ್ಟರೆ ಕುಡಿಯುವನು, ಮರೆತರೆ ಮರೆತಂತೆ. ಹೊದಿಕೆ ಒದ್ದೆಯಾದರೆ ಹಾಗೆಯೇ ಮಲಗಿರುವನು. ಅವಳು ಬಂದಾಗ ಮುಖ ನೋಡುವನು, ಹೋಗುವವರೆಗೂ ನೋಡುವನು. ನೋವಿಗೆ ಬುದ್ಧಿ ಮಂಕಾಗಿದೆ ಎಂದು ತಮ್ಮ ಅಂದ. ಇದ್ದರೂ ಇರಬಹುದು ಎಂದುಕೊಂಡಳು.

ಮೋಡ ಕಟ್ಟತೊಡಗಿದಾಗ ಯಜಮಾನಿ ಶೆಡ್ಡಿಗೆ ಬಂದಳು. ಕೆಟ್ಟವಳಲ್ಲ ಅವಳು. ಒಳ್ಳೆಯವಳಾಗಿರಲು ಅವಳಿಗೆ ಪುರಸೊತ್ತಿರಲಿಲ್ಲ.

“ನೋಡಮ್ಮಾ, ಬೇಸಿಗೆಯೆಲ್ಲ ನನ್ನ ಶೆಡ್ಡಲ್ಲಿದ್ರಿ, ನನ್ನ ಕಣಜದ ಕಾಳು ಉಂಡ್ರಿ. ಬಾವಿ ಅರ್ಧಕ್ಕೆ ನಿಂತಿದೆ. ಕುಸಿದ ಕಡೆ ಹಲಗೆ ಕೊಟ್ಟು ಆಸರೆ ಮಾಡಿಸಿದೀನಿ. ಹೂಳು ನೀವು ತೆಗೀಬೇಕು. ತೆಗೆದು ಹೋಗಿ, ನಾನು ಬೇಡ ಅನ್ನಲ್ಲ.”

“ಇಳಿಯೋರಿಲ್ಲ ಯಜಮಾಂತಿ,” ಎಂದ ತಮ್ಮ. “ನಾನು ಬೇಕಾದ್ರೆ ಇಳೀತೀನಿ. ಹಗ್ಗ ಹಿಡಿಯೋಕೆ ಯಾರೂ ಬರಲ್ಲ.”

“ನಾನು ಇಳೀತೀನಿ. ನೀನು ಹಿಡಿ,” ಎಂದಳು ಅಕ್ಕ.

ಯಜಮಾನಿ ಉರುಳೆಮರಕ್ಕೆ ತನ್ನ ತೋಟದಾಳನ್ನು ಕೊಟ್ಟಳು. ಮರುದಿನ ಬೆಳಿಗ್ಗೆ ಅಕ್ಕ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡಳು. ತಮ್ಮ ಗಂಟು ಎಳೆದು ನೋಡಿದ. ಇನ್ನೊಮ್ಮೆ ಎಳೆದು ನೋಡಿದ. ಅವಳು ಗೋಡೆಯ ಗೂಡುಗಳಲ್ಲಿ ಕಾಲಿಡುತ್ತ ಇಳಿದಳು. ಇಳಿದಷ್ಟೂ ತಣ್ಣಗಾಯಿತು. ಕಾಲು ಕೆಸರು ಮುಟ್ಟಿತು, ಮೊಣಕಾಲವರೆಗೆ ಹೂತಿತು. ಮೇಲೆ ನೋಡಿದರೆ ಆಕಾಶ ಒಂದು ತಟ್ಟೆಯಷ್ಟು. ಅದರ ಅಂಚಿಗೆ ತಮ್ಮನ ತಲೆ, ಕಾಳಿನಷ್ಟು. ಎಷ್ಟು ದೂರ ಬಂದುಬಿಟ್ಟೆ ಎಂದುಕೊಂಡಳು.

ಆಗ ಯಾರೋ ಅವಳ ಕಿವಿಯ ಪಕ್ಕದಲ್ಲೇ ಕೆಮ್ಮಿದರು.

ಅವಳು ಬೆಚ್ಚಿ ತಿರುಗಿದಳು. ಕಲ್ಲುಗೋಡೆ. ಯಾರೂ ಇಲ್ಲ.

“ಅವತ್ತು ಅಸಲಿಗೆ ಏನಾಯ್ತಯ್ಯಾ?” ಎಂದು ಒಂದು ಪಿಸುದನಿ ಕೇಳಿತು. ತೋಟದಾಳಿನದು. ಮೇಲೆ, ಉರುಳೆಯ ಹತ್ತಿರ, ತಮ್ಮನ ಕಡೆ ಬಾಗಿ ಗುಟ್ಟಾಗಿ ಕೇಳುತ್ತಿದ್ದ. “ಜನ ಏನೇನೋ ಅಂತಾರೆ.”

“ಏನಿಲ್ಲ. ಮಣ್ಣು ಜರೀತು,” ಎಂದ ತಮ್ಮ. ಅವನು ಉಗುಳು ನುಂಗಿದ್ದು ಕೇಳಿತು. ಹಗ್ಗವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ನಾರು ಅಂಗೈಗೆ ಉಜ್ಜಿದ್ದು ಕೇಳಿತು. ದೂರದಲ್ಲಿ, ಬೇಲಿಯ ಪಕ್ಕದಲ್ಲಿರಬೇಕು, ಮಗಳು ಖಾಲಿ ಮಂಕರಿಯ ಬುಡಕ್ಕೆ ಬಡಿಯುತ್ತಿದ್ದಳು. ಒಂದು. ಇನ್ನೊಂದು. ಆಮೇಲೆ ಬೆರಳಿನಿಂದ ಕೆರೆಯುವ ಸದ್ದು. ಎಲ್ಲವೂ ಇಲ್ಲೇ, ಪಕ್ಕದ ಚಾಪೆಯಲ್ಲಿ ನಡೆದಂತೆ.

ಅಕ್ಕ ಗುದ್ದಲಿಯ ಕಾವಿಗೆ ಆತುಕೊಂಡು ನಿಂತಳು. ಎಷ್ಟು ಹೊತ್ತು ನಿಂತಳೋ. ಮೇಲಿನಿಂದ ತಮ್ಮ, “ಅಕ್ಕಾ, ಯಾಕೆ, ಏನಾದ್ರೂ ಆಯ್ತಾ?” ಎಂದು ಗಟ್ಟಿಯಾಗಿ ಕೂಗಿದ. ಅಷ್ಟು ಗಟ್ಟಿಯಾಗಿ ಕೂಗುವ ಅಗತ್ಯವೇ ಇರಲಿಲ್ಲ. ಅವಳು ಮಂಕರಿ ತುಂಬಿದಳು. ಹಗ್ಗ ಅಲುಗಿಸಿದಳು.

ಮಳೆಗೆ ಮುಂಚೆ ಹೂಳು ಮುಗಿಯಿತು. ಕೊನೆಯ ದಿನ ಯಜಮಾನಿ ಬಂದು ಬಗ್ಗಿ ನೋಡಿದಳು. ತಳದಲ್ಲಿ ತಿಳಿನೀರು ಒಸರುತ್ತಿತ್ತು. “ನಿಮ್ಮದು ನಂದು ಚುಕ್ತಾ ಆಯ್ತು ಕಣಮ್ಮಾ,” ಎಂದಳು. ಇನ್ನು ಕೆಲವು ದಿನ ಶೆಡ್ಡಿನಲ್ಲಿ ಇದ್ದುಕೊಳ್ಳಿ ಎಂದೂ ಹೇಳಿದಳು.

ಅಕ್ಕ ಕತ್ತಿನವರೆಗೆ ಕೆಸರು ಮೆತ್ತಿಕೊಂಡೇ ಒಳಗೆ ಬಂದಳು. ಗಂಡ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ದಿನವೂ ಹೀಗೆ ಬರುವುದನ್ನು ನೋಡುತ್ತಿದ್ದ. ಅಂದು ಮಾತ್ರ ಅವನ ತುಟಿ ಅಲುಗಿತು. ಬಳಸದೆ ಬಿಟ್ಟ ದನಿ, ತುಕ್ಕು ಹಿಡಿದಂತಿತ್ತು.

“ಕೆಳಗೆ ಎಲ್ಲಾ ಕೇಳಿಸುತ್ತೆ, ಅಲ್ವಾ?”

“ಹೂಂ,” ಎಂದಳು. ಕೈ ತೊಳೆದುಕೊಂಡಳು. ಗಂಜಿಯ ಬಟ್ಟಲು ಎತ್ತಿಕೊಂಡು ಅವನ ತಲೆದೆಸೆಯಲ್ಲಿ ಕೂತಳು.

“ಅವನು ಕೇಳಿದ್ದು ಕೇಳಿಸ್ತು. ನೀನು ಏನೂ ಹೇಳದೇ ಇದ್ದದ್ದೂ ಕೇಳಿಸ್ತು. ನಡ್ಕೊಂಡು ಹೋದೆ. ಮಂಕರಿ ಗುದ್ದಿದೆ. ಎರಡು ಸಲ.”

ಅವಳು ಗಂಜಿಯನ್ನು ಕಲಕಿದಳು.

“ಎಳ್ಕೊಂಡ್ರಿ ಅಂತ ನಿಮ್ಮನೇ ಜೀವದ ಋಣ ತೀರಿತು ಅಂದ್ಕೋಬೇಡ,” ಎಂದ ಅವನು.

ಇಷ್ಟು ವರ್ಷ ಅವನಿಗೆ ನೀವು ಅನ್ನುತ್ತಿದ್ದಳು.

“ಅಂದ್ಕೊಂಡಿಲ್ಲ,” ಎಂದಳು. “ಬಾಯಿ ತೆಗಿ.”

ಅವನು ಅವಳನ್ನೇ ನೋಡುತ್ತ ಬಾಯಿ ತೆರೆದ.